ಎದ್ದ ಶಾಟ್

"ಈ ಪೆಟ್ಟಿಗೆ ಮುಂದೆ ಯಾರೂ ಸಾಯಬಾರದು ತಾಯಿ. ನಾಟಕಕ್ಕೂ ಸಾಯಬಾರದು."

ಹೆಣದಕ್ಕ ಪೆಟ್ಟಿಗೆ ಎಂದದ್ದು ಮೂರು ಕಾಲಿನ ಮೇಲೆ ನಿಂತಿದ್ದ ಹಳೆಯ ಕ್ಯಾಮೆರಾವನ್ನು. ಕೇಳಿಸಿಕೊಂಡ ಮ್ಯೂಸಿಯಮ್ಮ ಮಾಡಿದ ಮೊದಲ ಕೆಲಸ ಕಿಸಕ್ಕನೆ ನಕ್ಕದ್ದು. ಎರಡನೆಯದು, ಆ ಕ್ಯಾಮೆರಾದ ಪಕ್ಕದ ಬಾಗಿಲು ತೆರೆದು ಒಳಗೆ ಬೆರಳು ಹಾಕಿದ್ದು. ಹಲ್ಲುಚಕ್ರಗಳ ನಡುವೆ ಉದ್ದನೆಯ ಕೂದಲು ಸುತ್ತಿಕೊಂಡಿತ್ತು. ಎಳೆದಳು. ಬರಲಿಲ್ಲ. ಬಾಡಿದ ಹೂವಿನದೋ, ತೊಳೆಯದ ತಲೆದಿಂಬಿನದೋ, ಎಂಥದೋ ಒಂದು ವಾಸನೆ ಮೂಗಿಗೆ ಬಡಿಯಿತು.

"ಇರಲಿ ಬಿಡಿ ಮೇಡಂ, ಚಕ್ರ ತಿರುಗುತ್ತೆ," ಎಂದ ಕ್ಯಾಮೆರಾದವನು.

"ನೋಡಿದ್ರಾ ಅಕ್ಕ? ಇದೇ ನಿಮ್ಮ ಭೂತ. ಯಾವಳೋ ತಲೆ ಬಾಚಿಕೊಂಡಿದ್ದಾಳೆ, ಅಷ್ಟೇ," ಎಂದು ಮ್ಯೂಸಿಯಮ್ಮ ಕೈ ಒರೆಸಿಕೊಂಡಳು.

ಮ್ಯೂಸಿಯಮ್ಮ ಎಂಬುದು ಪೇಟೆಯವರು ಅವಳಿಗೆ ಇಟ್ಟ ಹೆಸರು. ಬೇರೆ ಊರಿನಿಂದ ಬಂದವಳು. ಹಳೆಯದನ್ನೆಲ್ಲ ಒರೆಸಿ, ಗಾಜಿನೊಳಗಿಟ್ಟು, ಕೆಳಗೊಂದು ಚೀಟಿ ಅಂಟಿಸುವುದು ಅವಳ ಉದ್ಯೋಗ. ಆ ಸಿನಿಮಾ ಪೇಟೆಯಲ್ಲಿ ಒರೆಸಲು ಬೇಕಾದಷ್ಟಿತ್ತು. ಒಂದು ಕಾಲದಲ್ಲಿ ಅಲ್ಲಿ ಸ್ಟುಡಿಯೋಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿದ್ದವಂತೆ. ಒಂದರಲ್ಲಿ ಮದುವೆ ನಡೆದರೆ ಪಕ್ಕದ್ದರಲ್ಲಿ ಯುದ್ಧ. ಊಟದ ಗಂಟೆ ಹೊಡೆದರೆ ರಾಜರು, ಭಿಕ್ಷುಕರು, ಗುಂಡೇಟು ತಿಂದವರು ಎಲ್ಲರೂ ತಟ್ಟೆ ಹಿಡಿದು ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಈಗ ವಿಗ್ಗಿನ ಅಂಗಡಿಗಳಲ್ಲಿ ಮೊಬೈಲ್ ಮಾರುತ್ತಿದ್ದರು. ಫಿಲಂ ತೊಳೆಯುತ್ತಿದ್ದ ಲ್ಯಾಬುಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಮಳೆ ಬಂದಾಗ ಮಾತ್ರ ಅವುಗಳ ಚರಂಡಿಯಿಂದ ಹುಳಿಹುಳಿ ಔಷಧದ ವಾಸನೆ ಬರುತ್ತಿತ್ತು. ಉಳಿದದ್ದು ಇದೊಂದೇ ಸ್ಟುಡಿಯೋ. ಅದನ್ನು ಮ್ಯೂಸಿಯಂ ಮಾಡಲು ಅವಳನ್ನು ಕಳಿಸಿದ್ದರು.

ಜೊತೆಗೆ ತಂಗಿ ಪುಟ್ಟಿಯೂ ಬಂದಿದ್ದಳು. ಹೆತ್ತವರು ಹೋದಾಗ ಪುಟ್ಟಿಗೆ ಇನ್ನೂ ಮಾತು ಬಂದಿರಲಿಲ್ಲ. ಅಂದಿನಿಂದ ಅಕ್ಕನೇ ಅಮ್ಮ, ಅಕ್ಕನೇ ಅಪ್ಪ. ಮದುವೆಯ ಮಾತು ಬಂದಾಗಲೆಲ್ಲ "ಇವಳೊಂದು ದಡ ಸೇರಲಿ" ಎಂದು ಮ್ಯೂಸಿಯಮ್ಮ ಮುಂದೆ ಹಾಕುತ್ತ ಹಾಕುತ್ತ ಈಗ ಯಾರೂ ಆ ಮಾತು ಎತ್ತುತ್ತಲೇ ಇರಲಿಲ್ಲ. ಪುಟ್ಟಿಯಾದರೋ ಯಾವ ದಡವನ್ನೂ ಸೇರುವ ಆತುರವಿಲ್ಲದವಳು. ನಗುವುದೇ ಅವಳ ಕಸುಬು. ನಗು ಜೋರಾದರೆ ಮೂಗಿನಿಂದ ಗೊರ್ರ್ ಎಂದು ಸದ್ದು ಬರುತ್ತಿತ್ತು. ಆ ಸದ್ದು ಕೇಳಿ ಮತ್ತೆ ನಗುತ್ತಿದ್ದಳು. ಬೈಯಲು ಬಾಯಿ ತೆರೆದ ಅಕ್ಕನೂ ನಕ್ಕುಬಿಡುತ್ತಿದ್ದಳು. ಇಡೀ ಲೋಕದಲ್ಲಿ ಮ್ಯೂಸಿಯಮ್ಮನಿಗೆ ತನ್ನದು ಅಂತ ಇದ್ದದ್ದು ಆ ಗೊರ್ರ್ ಒಂದೇ.

ಇನ್ನು ಹೆಣದಕ್ಕ. ಜೀವಮಾನವಿಡೀ ಸಿನಿಮಾಗಳಲ್ಲಿ ಹೆಣವಾಗಿ ಮಲಗಿದವಳು. ಅದನ್ನು ಹೇಳಿಕೊಳ್ಳಲು ಅವಳಿಗೆ ಎಳ್ಳಷ್ಟೂ ಸಂಕೋಚವಿಲ್ಲ.

"ಎಂತೆಂಥಾ ಹೀರೋಗಳು ನನ್ನ ಮೇಲೆ ಬಿದ್ದು ಅತ್ತಿದಾರೆ ಗೊತ್ತಾ? ಒಬ್ಬನಂತೂ ಈರುಳ್ಳಿ ತಿಂದು ಬಂದು ಅತ್ತ. ಒಂದು ಚೂರಾದ್ರೂ ಮುಖ ಸೊಟ್ಟ ಮಾಡಿದ್ನಾ ನಾನು?" ಎನ್ನುವಳು. "ಆದ್ರೆ ಎದ್ದ ಶಾಟ್ ತೆಗೀದೇ ಮನೆಗೆ ಹೋದವಳಲ್ಲ ತಾಯಿ."

ಎದ್ದ ಶಾಟ್ ಆ ಪೇಟೆಯ ಕಟ್ಟಳೆ. ಸಾಯುವ ದೃಶ್ಯ ಮುಗಿದ ಕೂಡಲೇ, ದೀಪ ಆರಿಸುವ ಮೊದಲು, ಸತ್ತವರು ಅದೇ ಕ್ಯಾಮೆರಾದ ಮುಂದೆ ಎದ್ದು ಕೂತು, ನಕ್ಕು, "ನಾನಿಲ್ಲೇ ಇದ್ದೀನಿ" ಎನ್ನಬೇಕು. ಆ ತುಂಡು ಸಿನಿಮಾಕ್ಕೆ ಬೇಡದ್ದು, ಎಡಿಟರ್ ಕತ್ತರಿಸಿ ಎಸೆಯುತ್ತಾನೆ. ಆದರೂ ತೆಗೆಯಲೇಬೇಕು. ಸಾಯುವುದನ್ನು ಕಂಡ ಕಣ್ಣು ಏಳುವುದನ್ನೂ ಕಾಣಬೇಕು ಎಂಬುದು ಅವರ ನಂಬಿಕೆ.

ಈ ಕ್ಯಾಮೆರಾ ಒಬ್ಬಳಿಗೆ ಆ ಶಾಟ್ ಕೊಟ್ಟಿರಲಿಲ್ಲ. ಪೇಟೆಯವರು ರಾಣಿ ಎಂದೇ ಕರೆಯುತ್ತಿದ್ದ ನಾಯಕಿ ಅವಳು. ಬೇರೆ ಸ್ಟುಡಿಯೋಗೆ ಹೊರಟು ನಿಂತಾಗ ಇಲ್ಲಿನ ಯಜಮಾನನಿಗೆ ಹೊಟ್ಟೆಗೆ ಬೆಂಕಿ ಬಿದ್ದಿತು. ಇನ್ನೊಬ್ಬನ ಕ್ಯಾಮೆರಾಕ್ಕೆ ಅವಳು ಸಿಗಬಾರದು ಎಂದು ಮಾಟಗಾರನೊಬ್ಬನನ್ನು ಕರೆಸಿದ. ಅವಳ ಬಾಚಣಿಗೆಯಿಂದ ಕೂದಲು ತರಿಸಿ ಯಂತ್ರದ ಹೊಟ್ಟೆಯೊಳಗೆ ಸುತ್ತಿಸಿದ. ಸಾಯುವ ದೃಶ್ಯ ತೆಗೆಸಿ, ಅವಳು ಏಳುವ ಮೊದಲೇ ದೀಪ ಆರಿಸಿಬಿಟ್ಟ. ರಾಣಿ ಎದ್ದು, ಬಟ್ಟೆ ಬದಲಿಸಿ, ಮನೆಗೆ ಹೋದಳು. ಮನೆಯಲ್ಲಿ ದೀಪ ಆರಿತು. ಅವಳೂ ಆರಿದಳು. ಇರುಳೆಲ್ಲ ಕತ್ತಲಲ್ಲೇ ಬಿದ್ದಿದ್ದವಳು ಮತ್ತೆ ಏಳಲಿಲ್ಲ. ಮಣ್ಣಿಗಿಡುವಾಗಲೂ ಕೈಗಳು ಸೆಟ್ಟಿನಲ್ಲಿ ಜೋಡಿಸಿದ್ದ ಹಾಗೆಯೇ ಇದ್ದವಂತೆ.

"ಆ ಕೂದಲು ತಂದುಕೊಟ್ಟವಳು ನಮ್ಮಮ್ಮ. ರಾಣಿಗೆ ಜಡೆ ಹಾಕ್ತಿದ್ದವಳು," ಎಂದಳು ಹೆಣದಕ್ಕ. ಅದನ್ನು ಹೇಳುವಾಗ ಮಾತ್ರ ಅವಳ ದನಿ ಸಣ್ಣಗಾಯಿತು.

ಮ್ಯೂಸಿಯಮ್ಮನ ಕಣ್ಣುಗಳು ಮಿನುಗಿದವು. ಭಯದಿಂದಲ್ಲ! ಎಂಥ ಕತೆ, ಎಂಥ ಕತೆ! ರಾಣಿಯ ಆ ಚಿತ್ರ ಸುಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಅದೇ ಮಂಚ, ಅದೇ ಕ್ಯಾಮೆರಾ ಇಟ್ಟುಕೊಂಡು ಆ ಸಾಯುವ ದೃಶ್ಯವನ್ನು ಮತ್ತೆ ತೆಗೆದು ಉದ್ಘಾಟನೆಗೆ ತೋರಿಸಿದರೆ ಜನ ಮುಗಿಬೀಳುತ್ತಾರೆ. ರಾಣಿಯ ಪಾತ್ರಕ್ಕೆ ಪುಟ್ಟಿ ಇದ್ದೇ ಇದ್ದಾಳೆ.

"ನಿಮ್ಮ ಸಮಾಧಾನಕ್ಕೆ ಎದ್ದ ಶಾಟೂ ತೆಗೆಯೋಣ ಬಿಡಿ," ಎಂದಳು. "ಬೇಕಾದ್ರೆ ಎರಡು ಸಲ ಏಳಿಸ್ತೀನಿ."



ಶೂಟಿಂಗ್ ಹಗಲಿನಲ್ಲೇ ನಡೆಯಿತು. ಆದರೆ ಆ ಸ್ಟುಡಿಯೋ ಹಗಲನ್ನು ಒಳಗೆ ಬಿಟ್ಟುಕೊಳ್ಳುವ ಪೈಕಿಯಲ್ಲ. ದೊಡ್ಡ ಬಾಗಿಲು ಎಳೆದುಕೊಂಡರೆ ಸಾಕು, ಕಣ್ಣಿಗೆ ಕೈ ಕಾಣದ ಕತ್ತಲೆ. ಗೋಡೆಗೆ ಹೊಡೆದ ಹಳೆಯ ಕಂಬಳಿಗಳು ಸದ್ದನ್ನೆಲ್ಲ ನುಂಗುತ್ತಿದ್ದವು. ಮೇಲೆ ಎಲ್ಲೋ ಪಾರಿವಾಳಗಳ ಗುಟುರು, ಕೆಳಗೆ ಒದ್ದೆ ಮರದ, ಇಲಿಯ, ಹಳಸಿದ ಬಣ್ಣದ ವಾಸನೆ. ನಡುವೆ ಮಂಚ. ಅದರ ಮೇಲೆ ದೀಪಗಳ ಬಿಳಿ ಉರಿ.

ಪುಟ್ಟಿ ಎದೆಯ ಮೇಲೆ ಕೈ ಜೋಡಿಸಿ ಮಲಗಿದಳು. ಕ್ಯಾಮೆರಾದವನು ಹಿಡಿ ತಿರುಗಿಸಿದ. ಟಕಟಕಟಕ. ಪುಟ್ಟಿಯ ತುಟಿ ನಡುಗಿತು, ಹೊಟ್ಟೆ ಕುಣಿಯಿತು, ಗೊರ್ರ್!

"ಕಟ್! ಏ ಕತ್ತೆ, ಸಾಯೋಕೂ ಬರಲ್ವಾ ನಿಂಗೆ?" ಎಂದಳು ಅಕ್ಕ.

"ಸತ್ತು ಅಭ್ಯಾಸ ಇಲ್ಲ ಅಕ್ಕಾ!"

ಮತ್ತೆ ತಿರುಗಿಸಿದರು, ಮತ್ತೆ ನಕ್ಕಳು. ಮತ್ತೊಮ್ಮೆ ಅಕ್ಕನೇ ನಕ್ಕಳು. ಆ ಕ್ಯಾಮೆರಾಕ್ಕೆ ಹೊಂದುವ ಫಿಲಂ ಈಗ ಎಲ್ಲಿ ಸಿಗುತ್ತದೆ? ಕ್ಯಾಮೆರಾದವನು ಹುಡುಕಿ ಹುಡುಕಿ ತಂದಿದ್ದ ಒಂದೇ ಡಬ್ಬಿ ಹೀಗೆ ನಗುವಿನಲ್ಲೇ ಕರಗಿತು. ಕೊನೆಗೊಮ್ಮೆ ಪುಟ್ಟಿ ಉಸಿರು ಬಿಗಿಹಿಡಿದು ಮಲಗಿದಳು. ಮುಖದ ಗೆರೆಗಳೆಲ್ಲ ಸಡಿಲಾದವು. ಬಾಯಿ ತುಸುವೇ ತೆರೆಯಿತು. ಎಷ್ಟು ಚೆನ್ನಾಗಿ ಸತ್ತಳೆಂದರೆ ಮ್ಯೂಸಿಯಮ್ಮನ ಎದೆ ಒಮ್ಮೆ ಧಸಕ್ಕೆಂದಿತು. ಟಕಟಕ ಸದ್ದು ಬದಲಾಗಿ ಚಟಚಟ ಎಂದಿತು.

"ಫಿಲಂ ಮುಗೀತು ಮೇಡಂ."

"ಸರಿ, ಎದ್ದೇಳು ಪುಟ್ಟಿ. ಇತ್ತ ನೋಡು," ಎಂದು ಮ್ಯೂಸಿಯಮ್ಮ ಮೊಬೈಲ್ ಎತ್ತಿದಳು. "ತಗೊಳ್ಳಿ ಅಕ್ಕ, ನಿಮ್ಮ ಎದ್ದ ಶಾಟ್."

"ಅದರಲ್ಲಿ ಅಲ್ಲ! ಇದರಲ್ಲಿ!" ಹೆಣದಕ್ಕ ಕ್ಯಾಮೆರಾದ ಕಾಲು ಹಿಡಿದುಕೊಂಡಿದ್ದಳು. "ಫಿಲಂ ಸಿಗೋ ತನಕ ದೀಪ ಆರಿಸಬೇಡಿ. ಕಾಲಿಗೆ ಬೀಳ್ತೀನಿ, ಆರಿಸಬೇಡ ತಾಯಿ!"

"ಅದಕ್ಕೆ ವಾರಗಟ್ಟಲೆ ಬೇಕು. ಅಲ್ಲೀತನಕ ಇವಳು ಇಲ್ಲೇ ಬೇಯಬೇಕಾ?" ಮ್ಯೂಸಿಯಮ್ಮನಿಗೆ ಸಿಟ್ಟು ಬಂತು. ಎದ್ದು ಹೋಗಿ ತಾನೇ ಸ್ವಿಚ್ಚು ಇಳಿಸಿದಳು.

ಕತ್ತಲೆ.

ಪಾರಿವಾಳಗಳು ಸುಮ್ಮನಾದವು. ಆ ಕತ್ತಲೆಯಲ್ಲಿ, ಯಾರೂ ಮುಟ್ಟದಿದ್ದರೂ, ಕ್ಯಾಮೆರಾದ ಹಿಡಿ ಒಂದೇ ಒಂದು ಸುತ್ತು ತಿರುಗಿದ ಸದ್ದು ಕೇಳಿಸಿತು.

ಬಾಗಿಲು ತೆರೆದಾಗ ಪುಟ್ಟಿ ಮಂಚದ ಮೇಲೆ ಎದ್ದು ಕೂತಿದ್ದಳು. "ಹೇಗಿತ್ತೇ?" ಎಂದು ಅಕ್ಕ ಕೇಳಿದಳು. "ಚೆನ್ನಾಗಿತ್ತು," ಎಂದಳು ಪುಟ್ಟಿ. ನಗಲಿಲ್ಲ.

ಮನೆಯಲ್ಲೂ ನಗಲಿಲ್ಲ. ಬಡಿಸಿದ್ದನ್ನು ತಿಂದಳು, ಕೇಳಿದ್ದಕ್ಕೆ ಹೂಂ ಎಂದಳು. ಕೈ ಮುಟ್ಟಿದರೆ ತಣ್ಣಗೆ, ಬಾವಿಯಿಂದ ಆಗ ತಾನೇ ಎತ್ತಿದ ಕೊಡದ ಹಾಗೆ. ಡಾಕ್ಟರು ರಕ್ತ ಕಡಿಮೆ ಎಂದು ಮಾತ್ರೆ ಬರೆದುಕೊಟ್ಟರು. ಮ್ಯೂಸಿಯಮ್ಮನಿಗೂ ಅದನ್ನೇ ನಂಬಬೇಕಿತ್ತು, ನಂಬಿದಳು. ಮಲಗುವಾಗ ಮಾತ್ರ ಪುಟ್ಟಿ ದೀಪ ಆರಿಸಲು ಬಿಡಲಿಲ್ಲ. ಯಾಕೆಂದು ಕೇಳಿದರೆ ಸುಮ್ಮನೆ ದೀಪವನ್ನೇ ನೋಡುತ್ತಿದ್ದಳು.

ಒಂದು ಮುಸ್ಸಂಜೆ ಪುಟ್ಟಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಈಚೆ ಕೋಣೆಯಲ್ಲಿ ಕೂತ ಮ್ಯೂಸಿಯಮ್ಮನಿಗೆ ಚಾಕುವಿನ ಸದ್ದು ಕೇಳಿಸುತ್ತಿತ್ತು. ಕರೆಂಟು ಹೋಯಿತು. ಚಾಕುವಿನ ಸದ್ದು ನಿಂತಿತು. ಧಡ್ ಎಂದು ಏನೋ ಬಿತ್ತು.

"ಪುಟ್ಟಿ?"

ತಡಕಾಡುತ್ತ ಹೋದಳು. ಕಾಲಿಗೆ ಏನೋ ತಾಗಿತು. ಕೂತಳು. ಮುಟ್ಟಿದಳು. ಮುಖ. ತೆರೆದ ಬಾಯಿ. ಎದೆಯ ಮೇಲೆ ಜೋಡಿಸಿದ ಕೈಗಳು. ಮೂಗಿನ ಹತ್ತಿರ ಬೆರಳು ಹಿಡಿದಳು. ಉಸಿರಿಲ್ಲ. ಕಿವಿಯನ್ನು ಎದೆಗೆ ಒತ್ತಿದಳು. ಒಳಗೆ ಬಡಿತವಿರಲಿಲ್ಲ. ಎಲ್ಲೋ ಬಲು ದೂರದಿಂದ ಬಂದಂತೆ, ಟಕ. ಟಕ. ಟಕ.

ಅವಳು ಕಿರುಚುವಷ್ಟರಲ್ಲಿ ಕರೆಂಟು ಬಂತು. ಪುಟ್ಟಿ ಕಣ್ಣು ತೆರೆದಳು. ಎದ್ದಳು. ಚಾಕು ಎತ್ತಿಕೊಂಡು ಅರ್ಧ ಹೆಚ್ಚಿದ ತರಕಾರಿಯನ್ನು ಮುಂದುವರಿಸಿದಳು.

ಮರುದಿನ ಬೆಳಗ್ಗೆಯೇ ಮ್ಯೂಸಿಯಮ್ಮ ಹೆಣದಕ್ಕನ ಮನೆಯ ಬಾಗಿಲಲ್ಲಿ ನಿಂತಿದ್ದಳು. ತಲೆ ಕೆದರಿತ್ತು, ಚಪ್ಪಲಿ ಅದಲುಬದಲಾಗಿತ್ತು. "ತಪ್ಪಾಯ್ತಕ್ಕಾ. ನಂಗೆ ನನ್ನ ಪುಟ್ಟಿ ಬೇಕು," ಎಂದು ಹೊಸ್ತಿಲಲ್ಲೇ ಕುಸಿದು ಅತ್ತಳು.

"ಹೇಳಿದೆ ನಾನು, ಬಡಕೊಂಡೆ," ಎಂದು ಹೆಣದಕ್ಕ ಬೈದಳು. ಬೈಯುತ್ತಲೇ ಅವಳ ತಲೆ ನೇವರಿಸಿದಳು. "ಇದಕ್ಕೆ ಮದ್ದು ನಂಗೂ ಗೊತ್ತಿಲ್ಲ. ಇರೋದು ಒಂದೇ ದಾರಿ. ಅದೇ ಕ್ಯಾಮೆರಾದಲ್ಲಿ ಎದ್ದ ಶಾಟ್ ತೆಗೀಬೇಕು. ಫಿಲಂ ಹುಡುಕು ನಡಿ."

ಕ್ಯಾಮೆರಾದವನು ಮುಚ್ಚಿದ ಲ್ಯಾಬುಗಳವರ ಮನೆಮನೆಗೆ ಅಲೆದ. ಯಾವುದೋ ಅಟ್ಟದ ಮೇಲೆ ಸಿಕ್ಕಿದ ಒಂದು ತುಂಡು ಹಿಡಿದು ಬಂದ. ಎದ್ದ ಶಾಟಿಗೆ ಸಾಕು, ಮೇಲೆ ಚೂರು ಮಿಗಬಹುದು ಎಂದ. ಅಲ್ಲಿಯವರೆಗೆ ಮ್ಯೂಸಿಯಮ್ಮ ಮೇಣದಬತ್ತಿ, ಟಾರ್ಚು, ಬ್ಯಾಟರಿ ದೀಪಗಳನ್ನು ಸುತ್ತ ಹರಡಿಕೊಂಡು ತಂಗಿಯನ್ನು ಕಾದಳು. ರೆಪ್ಪೆ ಮುಚ್ಚಲೂ ಹೆದರುತ್ತಿದ್ದಳು.

ನಡುಹಗಲಿನಲ್ಲಿ ಮತ್ತೆ ಸ್ಟುಡಿಯೋಗೆ ಹೋದರು. ದೀಪಗಳು ಉರಿದವು. ಪುಟ್ಟಿಯನ್ನು ಅದೇ ಮಂಚದ ಮೇಲೆ ಮಲಗಿಸಿದರು.

"ಏಳು ಪುಟ್ಟಿ," ಎಂದಳು ಅಕ್ಕ. "ಎದ್ದು ಬಾ ನನ್ನ ಬಂಗಾರ."

ಟಕಟಕಟಕ.

ಪುಟ್ಟಿಯ ಬೆರಳುಗಳು ಅಲುಗಿದವು. ಕೆನ್ನೆಗೆ ಕೆಂಪೇರಿತು. ಉದ್ದನೆಯ ಉಸಿರೊಂದನ್ನು ಎಳೆದುಕೊಂಡಳು. ಎದ್ದು ಕೂತಳು. ಅವಳ ಮುಖ ತಾನಾಗಿ ದೀಪ ಎಲ್ಲಿದೆಯೋ ಅತ್ತ ವಾಲಿತು, ಗದ್ದ ಒಂದಿಷ್ಟು ಮೇಲೆದ್ದಿತು. ಅಂಗೈಯಿಂದ ಬಾಯಿ ಮುಚ್ಚಿಕೊಂಡು ಮೆಲ್ಲಗೆ, ಬಲು ಸೊಗಸಾಗಿ ನಕ್ಕಳು.

"ನಾನಿಲ್ಲೇ ಇದ್ದೀನಿ."

ಹೆಣದಕ್ಕನ ಕೈ ಎದೆಗೆ ಹೋಯಿತು. "ಇದು ನಿನ್ನ ತಂಗಿ ಅಲ್ಲ," ಎಂದಳು. "ಇದು ರಾಣಿ."

ಮ್ಯೂಸಿಯಮ್ಮ ಧಾವಿಸಿ ಹೋಗಿ ಆ ಹೆಗಲುಗಳನ್ನು ಹಿಡಿದು ಅಲುಗಿಸಿದಳು. ಮೈ ಬೆಚ್ಚಗಿತ್ತು. ಅದೇ ಮೈ, ಅದೇ ಮಚ್ಚೆ, ತಾನೇ ಎಣ್ಣೆ ಹಚ್ಚಿ ಬೆಳೆಸಿದ ಅದೇ ತಲೆ. ಒಳಗಿನಿಂದ ನೋಡುತ್ತಿದ್ದ ಕಣ್ಣು ಮಾತ್ರ ಬೇರೆಯವರದು.

"ನನ್ನ ಪುಟ್ಟಿ ಎಲ್ಲಿ?"

"ಒಳಗಿದ್ದಾಳೆ," ಎಂದಳು ಅವಳು, ಕ್ಯಾಮೆರಾದತ್ತ ನೋಡಿ. ದನಿಯಲ್ಲಿ ಕೇಡಿರಲಿಲ್ಲ, ಕರುಣೆ ಇದ್ದಂತಿತ್ತು. "ಮೊದಲು ಸತ್ತವರು ಮೊದಲು ಏಳ್ತಾರೆ. ಆ ಮಾಟಗಾರ ಹಾಗೆ ಕಟ್ಟಿದ್ದಾನೆ. ಅವಳಿಗಿಂತ ಎಷ್ಟೋ ಮುಂಚೆಯಿಂದ ನಾನಿದ್ದೆ. ನನ್ನ ನಂತರ ಅವಳದೇ ಸರದಿ."

"ಹಾಗಾದ್ರೆ ಏಳಿಸು! ಈಗಲೇ ಏಳಿಸು!"

"ಇನ್ನೊಬ್ಬರು ಮಲಗಬೇಕು. ಮಲಗಿದವರ ಮೈಗೆ ಅವಳು ಬರ್ತಾಳೆ. ಮಲಗಿದವರು ಕಾಯಬೇಕು." ಅಷ್ಟು ಹೇಳಿ ಅವಳು ಮಂಚದಿಂದ ಇಳಿದಳು. ಬಾಗಿಲ ಸಂದಿಯಿಂದ ಬರುತ್ತಿದ್ದ ಬಿಸಿಲಿನ ಗೆರೆಯನ್ನು ಕಂಡಳು. ಬರಿಗಾಲಲ್ಲಿ ಅತ್ತ ನಡೆದಳು. ಬಾಗಿಲು ಸರಿಸಿ ಹೊರಗೆ ಹೋದಳು. ಹಿಂದಿರುಗಿ ನೋಡಲಿಲ್ಲ. ಹಿಡಿಯುವ ಧೈರ್ಯ ಯಾರಿಗೂ ಬರಲಿಲ್ಲ.

ಮ್ಯೂಸಿಯಮ್ಮ ಕ್ಯಾಮೆರಾದವನ ಕಡೆ ತಿರುಗಿದಳು. "ಎಷ್ಟು ಉಳಿದಿದೆ?"

"ಸ್ವಲ್ಪ ಇದೆ ಮೇಡಂ. ಒಂದು ಸಾವಿಗೆ, ಒಂದು ಏಳೋದಕ್ಕೆ... ಆಗಬಹುದು. ಆಮೇಲೆ ಏನೂ ಇರಲ್ಲ. ಇನ್ನು ಊರೆಲ್ಲ ಜಾಲಾಡಿದರೂ ಸಿಗಲ್ಲ."

"ಬೇಡ ತಾಯಿ," ಹೆಣದಕ್ಕ ಅಡ್ಡ ಬಂದಳು. "ನಾನು ಮಲಗ್ತೀನಿ. ಮಲಗೋದೇ ನನ್ನ ಕಸುಬು. ನಮ್ಮಮ್ಮ ಮಾಡಿದ್ದು ನನ್ನಲ್ಲೇ ತೀರಲಿ."

ಒಂದು ಗಳಿಗೆ, ಒಂದೇ ಗಳಿಗೆ, ಮ್ಯೂಸಿಯಮ್ಮ ಒಪ್ಪಿಬಿಡುವವಳಿದ್ದಳು. ಆಮೇಲೆ ಹೆಣದಕ್ಕನ ಸುಕ್ಕುಗಟ್ಟಿದ ಕೈ, ಬಾಗಿದ ಬೆನ್ನು ನೋಡಿದಳು. ಈ ಮುದಿ ಮೈಯೊಳಗೆ ಪುಟ್ಟಿಯನ್ನು ಕೂರಿಸುವುದೇ? ಎಷ್ಟು ದಿನಕ್ಕೆ? ತನ್ನ ಮೈಯಾದರೂ ಗಟ್ಟಿಮುಟ್ಟಾಗಿದೆ, ಇನ್ನೂ ಬಹಳ ಕಾಲ ಬಾಳುತ್ತದೆ. ಅವಳಿಗೆ ಅಳು ಬಂತು, ಹೆದರಿಕೆ ಬಂತು. ಆದರೂ ಮಂಚ ಹತ್ತಿದಳು.

"ಅವಳಿಗೆ ಇರುಳು ಹೆದರಿಕೆ ಆದ್ರೆ ಪಕ್ಕದಲ್ಲಿ ಮಲಗಿಕೊಳ್ಳಿ ಅಕ್ಕ," ಎಂದಳು. "ಹಿಡಿ ತಿರುಗಿಸಪ್ಪ."

ಟಕಟಕಟಕ.

ದೀಪದ ಉರಿ ರೆಪ್ಪೆಯನ್ನು ಸುಡುತ್ತಿತ್ತು. ಹಳಸಿದ ಬಣ್ಣದ ವಾಸನೆ. ಬಾಡಿದ ಹೂವಿನ ವಾಸನೆ. ಅವಳು ಎದೆಯ ಮೇಲೆ ಕೈ ಜೋಡಿಸಿದಳು. ಉಸಿರು ಬಿಟ್ಟಳು. ಮತ್ತೆ ಎಳೆದುಕೊಳ್ಳಲು ಹೋದರೆ ಎದೆ ಸಿಗಲಿಲ್ಲ. ಕೈ ಸಿಗಲಿಲ್ಲ. ಮಂಚ ಸಿಗಲಿಲ್ಲ. ಕೂದಲು. ಸುತ್ತಲೂ ಕೂದಲು. ಕುತ್ತಿಗೆಗೆ, ಬಾಯಿಗೆ, ಕಣ್ಣಿಗೆ. ಕತ್ತಲೆ. ಹಲ್ಲುಚಕ್ರಗಳ ಕಟಕಟ. ಆ ಕತ್ತಲೆಯಲ್ಲಿ ಯಾರೋ ಬಿಕ್ಕುತ್ತಿದ್ದರು. ಒಂದು ಕೈ ಬಂದು ಅವಳನ್ನು ಬಿಗಿಯಾಗಿ ಹಿಡಿಯಿತು. ಆ ಹಿಡಿತ ಅವಳಿಗೆ ಗೊತ್ತು. ಜ್ವರ ಬಂದಾಗ, ಗುಡುಗಿದಾಗ, ಶಾಲೆಯ ಬಾಗಿಲಲ್ಲಿ, ಹೀಗೆಯೇ ಹಿಡಿಯುತ್ತಿದ್ದ ಕೈ ಅದು.

ಬಿಡು ಪುಟ್ಟಿ, ಎಂದಳು. ಬಾಯಿಲ್ಲದೆ ಎಂದಳು. ಮೇಲೆ ಹೋಗು.

ಕೈ ಬಿಡಲಿಲ್ಲ. ಒಂದೊಂದೇ ಬೆರಳು ಬಿಡಿಸಿದಳು. ಇದ್ದ ಬಲವನ್ನೆಲ್ಲ ಹಾಕಿ ಅವಳನ್ನು ಬೆಳಕಿನ ಕಡೆಗೆ ನೂಕಿದಳು.

ಬೆಳಕು ಒಂದು ದುಂಡನೆಯ ಗಾಜಿನಾಚೆ ಇತ್ತು. ಅದರ ಮೂಲಕ ಅವಳಿಗೆ ಇಡೀ ಸ್ಟುಡಿಯೋ ತಲೆಕೆಳಗಾಗಿ ಕಂಡಿತು. ತಲೆಕೆಳಗಾದ ಮಂಚದ ಮೇಲೆ ತನ್ನದೇ ಮೈ ಎದ್ದು ಕೂತಿತ್ತು. ತನ್ನದೇ ಮುಖ ನಿದ್ದೆಯಿಂದ ಎದ್ದ ಮಗುವಿನಂತೆ ಕಣ್ಣುಜ್ಜಿಕೊಂಡಿತು. ಹೆಣದಕ್ಕ ಓಡಿ ಬಂದು ಅದನ್ನು ತಬ್ಬಿಕೊಂಡಳು. ಫಿಲಂ ಮುಗಿದ ಚಟಚಟ ಸದ್ದು ಅವಳ ಸುತ್ತೆಲ್ಲ ಕೇಳಿಸಿ, ನಿಂತಿತು.

"ನಾನಿಲ್ಲೇ ಇದ್ದೀನಿ," ಎಂದಳು ಪುಟ್ಟಿ. ಆಮೇಲೆ ಸುತ್ತ ನೋಡಿದಳು. "ಅಕ್ಕ ಎಲ್ಲಿ?"

ಹೆಣದಕ್ಕ ಕ್ಯಾಮೆರಾದತ್ತ ಕೈ ತೋರಿಸಿದಳು.

ಪುಟ್ಟಿ ತಡವರಿಸುತ್ತ ಹತ್ತಿರ ಬಂದಳು. ಗಾಜಿಗೆ ಕಣ್ಣು ತಾಗಿಸಿ ಒಳಗೆ ಇಣುಕಿದಳು. ಅಕ್ಕನ ಮುಖದಲ್ಲಿ ಪುಟ್ಟಿಯ ಕಣ್ಣು.

"ಅಕ್ಕಾ? ಒಳಗೆ ಬರೀ ಕತ್ತಲೆ ಇದೆ. ಎಲ್ಲಿದ್ದೀಯೇ?"

ಇಲ್ಲೇ, ಇಲ್ಲೇ ಇದ್ದೀನಿ ಪುಟ್ಟಿ, ಎಂದು ಅವಳು ಕೂಗಿದಳು. ಗಾಜಿಗೆ ಬಡಿದು ಬಡಿದು ಕೂಗಿದಳು. ಆಚೆ ಯಾರಿಗೂ ಏನೂ ಕೇಳಿಸಲಿಲ್ಲ. ಕ್ಯಾಮೆರಾದವನು ಪುಟ್ಟಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಕೆಲಸ ಮುಗಿದ ಮೇಲೆ ಅವನು ಯಾವಾಗಲೂ ಮಾಡುವುದನ್ನೇ, ಯೋಚನೆಯೂ ಇಲ್ಲದೆ, ಮಾಡಿದ. ಜೇಬಿನಿಂದ ಮುಚ್ಚಳ ತೆಗೆದು ಗಾಜಿಗೆ ಹಾಕಿದ.